ಮಾತ್ರೆಯ ಹತ್ತನೇ ಒಂದು ಪಾಲು: ಅಂಗಡಿಯಲ್ಲಿ ಪುಡಿ ಮಾಡಿ ಕೊಡೋದು ಸರೀನಾ?

ನಿಟ್ಟುವಳ್ಳಿ ಅಪ್ಪ: ಮಗನಿಗೆ ಹೃದಯದ ತೊಂದರೆ, ಇನ್ನೂ ವರ್ಷ ತುಂಬಿಲ್ಲ. ಡಾಕ್ಟರು ಕ್ಯಾಪ್ಟೊಪ್ರಿಲ್ (ಬಿಪಿ ಇಳಿಸೋ ಔಷಧ) 2.5 ಮಿಲಿಗ್ರಾಂ ಬರೆದಿದ್ದಾರೆ, ಸಿಗೋದು 25ರ ಮಾತ್ರೆ. ದಾವಣಗೆರೆಯ ಒಂದು ಅಂಗಡಿಯವರು ಚಮಚದ ಬೆನ್ನಲ್ಲಿ ಪುಡಿ ಮಾಡಿ, ಕಣ್ಣಂದಾಜಲ್ಲೇ ಹತ್ತು ಪೊಟ್ಟಣ ಕಟ್ಟಿ ಕೊಟ್ಟರು. ಹೀಗೆ ಕೊಡಬಹುದಾ?

ಮಂಡಿಪೇಟೆ ಕೆಮಿಸ್ಟ್: ಅಣ್ಣಾ, ಎಲ್ಲ ಕಡೆ ಹೀಗೇ ನಡೆಯೋದು. ಮಕ್ಕಳಿಗೆ ಬೇಕಾದ ಡೋಸ್ ಕಂಪನಿಯವರು ಮಾಡಲ್ಲ, ನಾವು ಕೊಡಲಿಲ್ಲ ಅಂದ್ರೆ ನೀವು ಮನೆಯಲ್ಲಿ ಬ್ಲೇಡ್ ಹಿಡಿದು ಕೂರಬೇಕು.

ಡಿ.ಫಾರ್ಮ ಹುಡುಗಿ: ಸಾರ್, ನಿಮ್ಮ ಬೋರ್ಡಲ್ಲಿ ಏನಿದೆ? 1945ರ ಔಷಧ ನಿಯಮಗಳಲ್ಲಿ 65ನೇದು ನೋಡಿ. ಔಷಧಿ ಬೆರೆಸಿ ಮಾಡೋದು ನೋಂದಾಯಿತ ಫಾರ್ಮಸಿಸ್ಟ್ ಕಣ್ಣೆದುರೇ ಆಗಬೇಕು. ಬೆರೆಸುವ ವ್ಯವಸ್ಥೆ ಇರೋರು ಮಾತ್ರ 'ಫಾರ್ಮಸಿ' ಅಂತ ಬೋರ್ಡ್ ಹಾಕಬೇಕು, ಇಲ್ಲದೋರು 'ಕೆಮಿಸ್ಟ್ಸ್ ಅಂಡ್ ಡ್ರಗಿಸ್ಟ್ಸ್'. ತಕ್ಕಡಿ, ಖಲ್ವ, ಅಳತೆ ಗ್ಲಾಸು, ಇಂಡಿಯನ್ ಫಾರ್ಮಾಕೋಪಿಯ (ಔಷಧಗಳ ಗುಣಮಟ್ಟದ ಪುಸ್ತಕ), ಇವೆಲ್ಲ ಫಾರ್ಮಸಿಯಲ್ಲಿ ಇರಲೇಬೇಕಾದ ಸಾಮಾನಿನ ಪಟ್ಟಿಯಾದ ಷೆಡ್ಯೂಲ್ ಎನ್‌ನಲ್ಲಿ ಬರುತ್ತೆ.

ಮಂಡಿಪೇಟೆ ಕೆಮಿಸ್ಟ್: ಪುಸ್ತಕ ಇಟ್ಟರೆ ಪುಡಿ ಸಮ ಆಗುತ್ತಾ ತಂಗಿ? ಫಾರ್ಮಾಕೋಪಿಯ ಕಂಪನಿಯವರಿಗೆ ಬರೆದಿರೋದು. ಸಾಮಾನ್ಯವಾಗಿ ಮಾತ್ರೆಯಲ್ಲಿ ಔಷಧ 90ರಿಂದ 110 ಪರ್ಸೆಂಟ್ ಒಳಗೆ ಇರಬೇಕು ಅನ್ನುತ್ತೆ, ಅದನ್ನ ನಾನು ಹತ್ತು ಭಾಗ ಮಾಡೋದು ಹೇಗೆ ಅಂತ ಅಲ್ಲಿಲ್ಲ.

ದುರ್ಗದ ಹಳೇ ಕಾಂಪೌಂಡರ್: ಅದು ನಿಜ. ಆದರೆ ದಾರಿ ಇದೆಯಲ್ಲಪ್ಪ. ಮೂರು ಮಾತ್ರೆ ಅಂದರೆ 75 ಮಿಲಿಗ್ರಾಂ ಔಷಧ. ನುಣ್ಣಗೆ ಅರೆದು, ಲ್ಯಾಕ್ಟೋಸ್ (ಹಾಲಿನ ಸಕ್ಕರೆ, ತೂಕ ಹೆಚ್ಚಿಸೋಕೆ ಮಾತ್ರ) ಸೇರಿಸಿ ಒಟ್ಟು ತೂಕ 3 ಗ್ರಾಂ ಮಾಡಿಕೊಳ್ಳಿ. ಲ್ಯಾಕ್ಟೋಸನ್ನ ಒಂದೇ ಸಲ ಸುರಿಯಬೇಡಿ. ಖಲ್ವದಲ್ಲಿ ಎಷ್ಟು ಪುಡಿ ಇದೆಯೋ ಅಷ್ಟೇ ಹಾಕಿ ಅರೆಯಿರಿ, ಮತ್ತೆ ಈಗ ಎಷ್ಟಾಯಿತೋ ಅಷ್ಟೇ ಹಾಕಿ, ಹೀಗೆ. ಆಮೇಲೆ 100 ಮಿಲಿಗ್ರಾಂನಂತೆ ತೂಗಿದರೆ ಮೂವತ್ತು ಪೊಟ್ಟಣ, ಒಂದೊಂದರಲ್ಲೂ 2.5. ಕಣ್ಣಂದಾಜಲ್ಲಿ ಒಂದು ಪೊಟ್ಟಣಕ್ಕೆ ಎರಡು ಪಟ್ಟು ಬಿದ್ದರೆ ಮಗುವಿನ ಬಿಪಿ ಇಳಿದುಬಿಡುತ್ತೆ.

ಹರಿಹರದ ಓದುಗ: ಅಷ್ಟೆಲ್ಲ ಯಾಕೆ, ನೀರಲ್ಲಿ ಕರಗಿಸಿ ಸಿರಪ್ ಮಾಡಿಟ್ಟರೆ ಆಯ್ತಲ್ವಾ?

ಡಿ.ಫಾರ್ಮ ಹುಡುಗಿ: ಬೇಡ. ಕ್ಯಾಪ್ಟೊಪ್ರಿಲ್ ನೀರಲ್ಲಿ ಗಾಳಿ ತಾಗಿ ಕೆಡುತ್ತೆ. ಅಮೆರಿಕದ ಯುಎಸ್‌ಪಿ 795 (ಔಷಧಿ ಬೆರೆಸಿ ಮಾಡೋರಿಗೆ ಬರೆದ ಮಾನದಂಡ) ಪ್ರಕಾರ, ಬೇರೆ ಆಧಾರ ಇಲ್ಲದಿದ್ದರೆ, ಪ್ರಿಸರ್ವೇಟಿವ್ ಇಲ್ಲದ ನೀರಿನ ಔಷಧಕ್ಕೆ ಫ್ರಿಜ್‌ನಲ್ಲಿಟ್ಟರೂ 14 ದಿನ ಮಾತ್ರ. ಅದೂ ಆ ಔಷಧ ಅಷ್ಟು ದಿನ ತಡೆಯುತ್ತೆ ಅಂದ್ರೆ.

ಮಂಡಿಪೇಟೆ ಕೆಮಿಸ್ಟ್: ಅಮೆರಿಕದ ಕಾನೂನು ನಮಗೆ ಯಾಕೆ?

ಡಿ.ಫಾರ್ಮ ಹುಡುಗಿ: ನಮಗೆ ಕಾನೂನು ಅಲ್ಲ ಸಾರ್, ನೋಡಿ ತಿಳಿಯೋಕೆ. ಆದರೆ ಬರೆದಿಟ್ಟರೂ ಪಾಲಿಸದಿದ್ದರೆ ಏನೂ ಇಲ್ಲ. 2012ರಲ್ಲಿ ಅಲ್ಲೇ ಒಂದು ಕಾಂಪೌಂಡಿಂಗ್ (ಔಷಧಿ ಬೆರೆಸಿ ಮಾಡುವ) ಕೇಂದ್ರದ ಇಂಜೆಕ್ಷನ್‌ನಲ್ಲಿ ಬೂಷ್ಟು ಸೇರಿ 60ಕ್ಕಿಂತ ಜಾಸ್ತಿ ಜನ ಸತ್ತರು.

ನಿಟ್ಟುವಳ್ಳಿ ಅಪ್ಪ: ಅದೆಲ್ಲ ಇರಲಿ, ಈಗ ಕೈಯಲ್ಲಿರೋ ಪೊಟ್ಟಣ ಏನು ಮಾಡಲಿ?

ದುರ್ಗದ ಹಳೇ ಕಾಂಪೌಂಡರ್: ಕೊಡಬೇಡಿ. ಡೋಸ್ ತಪ್ಪೋದೂ ಬೇಡ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಆಸ್ಪತ್ರೆಯ ಫಾರ್ಮಸಿಯಲ್ಲಿ ತೂಗಿ ಕಟ್ಟಿ ಕೊಡ್ತಾರಾ ಕೇಳಿ, ಪೊಟ್ಟಣದ ಮೇಲೆ ಹೆಸರು, ಡೋಸ್, ಮಾಡಿದ ದಿನ ಬರೆಸಿಕೊಳ್ಳಿ.