ಕಿಶೋರ್ ಕುಮಾರ್ ಧಾರವಾಡದ ಅಳಿಯ

"ಕಿಶೋರ್ ಕುಮಾರ್ ಅಂದ್ರ ನಮ್ಮ ಧಾರವಾಡದ ಅಳಿಯಾ ರೀ" ಅಂತ ಕುಲಕರ್ಣಿ ಶುರು ಹಚ್ಕೊಂಡ್ರೆ ಮುಂಬೈ ಮಾಟುಂಗದ ಆ ಹೋಟ್ಲಲ್ಲಿ ಆಚೆ ಟೇಬಲ್‌ನ ಗುಜರಾತಿಗಳೂ ತಿರುಗಿ ನೋಡ್ತಾರೆ. ಹೇಳೋದ್ರಲ್ಲಿ ಸುಳ್ಳಿಲ್ಲ, ಕಿಶೋರ್ ಹೆಂಡ್ತಿ, ಹಿಂದಿ ನಟಿ ಲೀನಾ ಚಂದಾವರ್ಕರ್ ಹುಟ್ಟಿದ್ದು ಧಾರವಾಡದಲ್ಲೇ, ಆದ್ರೆ ಆಕೆ ನಾಲ್ಕನೇ ಹೆಂಡ್ತಿ ಅನ್ನೋದನ್ನ ಮಾತ್ರ ಪುಣ್ಯಾತ್ಮ ಬಾಯ್ಬಿಡಲ್ಲ.

"ಹಂಗಾರೆ ನಿಮಗಿಂತ ಮುಂದೆ ಇನ್ನೂ ಮೂರು ಮಾವನ ಮನೆಯೋರು ಕ್ಯೂನಲ್ಲವ್ರೆ ಬುಡಿ ಸಾ" ಅಂದ ಗೌಡ. ಮಂಡ್ಯದೋನು, ಬ್ಯಾಂಕ್ ಟ್ರಾನ್ಸ್‌ಫರ್ ಮೇಲೆ ಬಂದು ಡೊಂಬಿವಿಲೀಲಿ ಸೆಟ್ಲಾದೋನು, ಅಣ್ಣಾವ್ರ ವಿಷಯ ಬಂದ್ರೆ ಕಾಫಿ ಆರಿದ್ರೂ ಗೊತ್ತಾಗಲ್ಲ. "ಹಾಡಕ್ಕೆ ನ್ಯಾಷನಲ್ ಅವಾರ್ಡ್ ತಗಂಡ ಹೀರೋ ಅವ್ರು, ಜೀವನ ಚೈತ್ರಕ್ಕೆ. ನಿಮ್ಮ ಅಳಿಯಂಗೆ ಬಂದೈತಾ?"

"ಎಂಟು ಫಿಲಂಫೇರ್ ಅದಾವಲೋ!"

ನಾನು ಸುಮ್ನಿರಬೇಕಿತ್ತು. ಆದ್ರೆ 1958ರ ರಾಗಿಣಿಯಲ್ಲಿ ಕಿಶೋರ್ ಹೀರೋ, ಒಂದು ಶಾಸ್ತ್ರೀಯ ಹಾಡಿಗೆ ಅವನ ಬಾಯಿಗೆ ರಫಿ ದನಿ ಅಂದ್ಬಿಟ್ಟೆ. ಗೌಡ ಟೇಬಲ್ ಕುಟ್ಟಿ ನಕ್ಕಿದ್ದೇ ನಕ್ಕಿದ್ದು. ಕುಲಕರ್ಣಿ ಬಿಡ್ತಾರಾ, "ನಿಮ್ಮ ಅಣ್ಣಾವ್ರಿಗೆ ಎಮ್ಮೀ ಮ್ಯಾಲೆ ಕುಂಡ್ರೂತನಕಾ ಪಿ.ಬಿ. ಶ್ರೀನಿವಾಸ್ ಹಾಡ್ಲಿಲ್ಲೇನು?" ಅಂದ್ರು. ಸಂಪತ್ತಿಗೆ ಸವಾಲ್, 1974, ಅಣ್ಣಾವ್ರು ಎಮ್ಮೆ ಮೇಲೆ ಕೂತು ತಾವೇ ಹಾಡಿದ್ದು. ಗೌಡನ ನಗು ಅಲ್ಲೇ ನಿಂತ್ಹೋಯ್ತು.

ಗಲ್ಲಾದಿಂದ ಶೆಟ್ರು ಎದ್ದು ಬಂದ್ರು. "ಎಂತ ಗಲಾಟೆ ಮಾರಾಯ್ರೆ? ಹಾಫ್ ಟಿಕೆಟ್ ನೋಡಿದ್ದೀರಾ, 1962ರದ್ದು? ಅದ್ರ ಒಂದು ಯುಗಳಗೀತೆಯಲ್ಲಿ ಹೆಣ್ಣಿನ ಭಾಗ ಲತಾ ಹಾಡ್ಬೇಕಿತ್ತಂತೆ, ಅವ್ರು ಸಿಗ್ಲಿಲ್ಲ, ಈ ಕಿಶೋರ್ ಎರಡೂ ನಾನೇ ಹಾಡ್ತೇನೆ ಅಂತ ಸಂಗೀತ ನಿರ್ದೇಶಕ ಸಲೀಲ್ ಚೌಧುರಿ ಹತ್ರ ಕೂತು ಗಂಡು ಸ್ವರ ಹೆಣ್ಣು ಸ್ವರ ಎರಡೂ ಹಾಡಿ ಮುಗಿಸಿದ್ದು. ಪರದೆ ಮೇಲೆ ಹೆಣ್ಣಿನ ವೇಷವೂ ಅವನದ್ದೇ. ನಮ್ಮ ಯಕ್ಷಗಾನದ ಸ್ತ್ರೀವೇಷದವರು ಸಹ ಪದ್ಯ ಭಾಗವತರಿಗೆ ಬಿಡ್ತಾರಪ್ಪ!" ನಿರ್ಮಾಪಕನಿಗೆ ಒಂದು ಪೇಮೆಂಟ್ ಉಳೀತಲ್ಲ, ಶೆಟ್ರಿಗೆ ಖುಷಿ ಅದಕ್ಕೇ ಇರ್ಬೇಕು.

ಕೊನೆಗೆ ರಾಜಿ ಮಾಡ್ಸಿದ್ದು ದ್ವಾರಕೀಶ್. ಅವ್ರ ಕನ್ನಡ ಸಿನಿಮಾ ಕುಳ್ಳ ಏಜೆಂಟ್ 000, 1972, ರಾಜನ್-ನಾಗೇಂದ್ರ ಸಂಗೀತ, ಮಧ್ಯಪ್ರದೇಶದ ಖಂಡ್ವಾದಲ್ಲಿ ಹುಟ್ಟಿದ ಬಂಗಾಲಿ ಕಿಶೋರ್ ಬಾಯಲ್ಲಿ "ಆಡು ಆಟ ಆಡು". ಅದು ನೆನಪಾಗಿದ್ದೇ ತಡ ಗೌಡನೂ ಕಿಶೋರ್ ಪಾರ್ಟಿ! ಕುಲಕರ್ಣಿ ಯೂಡ್ಲಿಂಗ್‌ಗೆ ಕೈ ಹಾಕಿದ್ರು. ಎದೆಯಿಂದ ಬರೋ ದನಿ ತಟ್ಟನೆ ನೆತ್ತಿಗೆ ಹಾರ್ಬೇಕು ಅದು, ಇವರದ್ದು ಗಂಟಲಲ್ಲೇ ಸಿಕ್ಹಾಕ್ಕೊಂಡು ಕೆಮ್ಮಾಗಿ, ಕೈ ತಾಗಿ ಸಾಂಬಾರು ಬಟ್ಲು ಗೌಡನ ಪ್ಯಾಂಟಿನ ಮೇಲೆ.

ಒರೆಸ್ಕೊಳ್ತಾನೇ ಗೌಡ ಕೇಳ್ದ, "ಆವಯ್ಯ ದುಡ್ಡಿನ ಪಿಶಾಚಿಯಂತೆ, ನಿಜವಾ?"

"ಖರೇ. ಅರ್ಧಾ ರೊಕ್ಕಾ ಕೊಟ್ರ ಅರ್ಧಾ ಮುಖಕ್ಕ ಮೇಕಪ್ ಹಚ್ಕೊಂಡು ಬರ್ತಿದ್ನಂತ. ಆದ್ರ ಎಮರ್ಜೆನ್ಸಿಯೊಳಗ ಕಾಂಗ್ರೆಸ್ಸಿನವ್ರು ಹಾಡ್ ಬಾ ಅಂದ್ರ ಹೋಗ್ಲಿಲ್ಲ ನೋಡು, ರೇಡಿಯೋದಾಗ ಅವನ ಹಾಡs ಬಂದ್ ಮಾಡಿದ್ರು."

"ಆ ಅರ್ಧ ಮೇಕಪ್ಪಿನ ಕ್ರಮ ಒಳ್ಳೇದುಂಟು" ಅಂದ ಶೆಟ್ರು ಗಲ್ಲಾದಿಂದ ಉದ್ರಿ ಪುಸ್ತಕ ತಂದು ಕುಲಕರ್ಣಿ ಮುಂದೆ ಬಿಡಿಸಿಟ್ರು. "ನಾಳೆಯಿಂದ ಅಳಿಯನ ಊರಿನವ್ರಿಗೆ ದೋಸೆ ಒಂದೇ ಬದಿ ಬೇಯಿಸುದು."