ಚಾರ್ಜ್ ‘ಹಿಡಿಯುತ್ತಿಲ್ಲ’, ಚಾರ್ಜ್ ‘ನಿಲ್ಲುತ್ತಿಲ್ಲ’: ನೀವು ಯಾವುದನ್ನು ಯಾವಾಗ ಹೇಳ್ತೀರಿ?

ಗೆಳೆಯರೇ, ನಮಸ್ಕಾರ.

ಆಫ್‌ರೋಡ್ ಗಾಡಿಗಳ ಹಿಂಭಾಗದಲ್ಲಿ ಕೂರಿಸುವ ಜೋಡಿ ಡೀಪ್ ಸೈಕಲ್ (ನಿಧಾನವಾಗಿ ಬಹಳ ಹೊತ್ತು ಕರೆಂಟ್ ಕೊಡುವ) ಬ್ಯಾಟರಿಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹೇಗೆ ಚಾರ್ಜ್ ಮಾಡಬೇಕು, ಹೇಗೆ ನೋಡಿಕೊಳ್ಳಬೇಕು ಅನ್ನೋದಷ್ಟೇ ವಿಷಯ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸುವಷ್ಟು. ಭಾಗಗಳ ಹೆಸರಿನ ತಂಟೆಗೆ ನಾನು ಹೋಗುತ್ತಿಲ್ಲ. ಟರ್ಮಿನಲ್, ಫ್ಯೂಸ್, ರಿಲೇ, ಆಲ್ಟರ್ನೇಟರ್ ಎಲ್ಲ ಹಾಗೇ ಇರಲಿ, ಅವಕ್ಕೆ ಹೊಸ ಪದ ಕಟ್ಟಿದರೆ ಓದುವವರು ಮುಚ್ಚಳ ಮುಚ್ಚಿ ಎದ್ದು ಹೋಗುತ್ತಾರೆ. ‘ಡೀಪ್ ಸೈಕಲ್’ ಕೂಡ ಇರಲಿ, ‘ಆಳಚಕ್ರ’ ಅಂತ ಯಾರಾದರೂ ಸೂಚಿಸುವ ಮುಂಚೆಯೇ ಬೇಡ ಅಂದುಬಿಡುತ್ತೇನೆ. ನನ್ನ ತೊಡಕೆಲ್ಲ ಕ್ರಿಯಾಪದಗಳದ್ದು.

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ‘ಚಾರ್ಜ್ ಹಿಡೀತಿಲ್ಲ’. ಬ್ಯಾಟರಿ ಕೆಟ್ಟಾಗ ಹತ್ತರಲ್ಲಿ ಎಂಟು ಜನ ಹೇಳೋದು ಇದನ್ನೇ. ಆದರೆ ಈ ಒಂದು ಮಾತಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ದೋಷ ಇರಬಹುದು, ಮೂರಕ್ಕೂ ಮದ್ದು ಬೇರೆ.

ಒಂದು: ಚಾರ್ಜರ್ ಹಾಕಿದ ಸ್ವಲ್ಪ ಹೊತ್ತಿಗೇ ವೋಲ್ಟೇಜ್ ಸರಸರನೆ 14.4ಕ್ಕೆ ಏರುತ್ತದೆ, ಕರೆಂಟ್ ಇಳಿದುಹೋಗುತ್ತದೆ, ಹಸಿರು ದೀಪ ಹತ್ತುತ್ತದೆ. ಒಳಗೆ ಏನೂ ಹೋಗಿರುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಇದು ಸಹಜ, ಮತ್ತೆ ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಖಾಲಿ ಬಿಟ್ಟರೆ ಮಾತ್ರ ಅದೇ ಸಲ್ಫೇಟ್ ಗಟ್ಟಿ ಹರಳಾಗುತ್ತದೆ, ಆಮೇಲೆ ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿ ಬ್ಯಾಟರಿ ಚಾರ್ಜನ್ನು ತೆಗೆದುಕೊಳ್ಳುತ್ತಲೇ ಇಲ್ಲ. ಬಟ್ಟೆಗೆ ಬಣ್ಣ ಹಿಡಿಯಲಿಲ್ಲ ಅಂತೀವಲ್ಲ, ಆ ಅರ್ಥದ ‘ಹಿಡಿ’.

ಎರಡು: ಚಾರ್ಜ್ ಚೆನ್ನಾಗೇ ಆಗುತ್ತದೆ, ಆದರೆ ತಂತಿ ಬಿಚ್ಚಿ ಸುಮ್ನೆ ಇಟ್ಟರೂ ಒಂದೆರಡು ದಿನದಲ್ಲಿ ಇಳಿದಿರುತ್ತದೆ. ಒಳ್ಳೆಯ ಬ್ಯಾಟರಿ ತನ್ನಷ್ಟಕ್ಕೆ ತಾನು ಕಳೆದುಕೊಳ್ಳುವುದು ತಿಂಗಳಿಗೆ ನೂರಕ್ಕೆ ಕೆಲವೇ ಪಾಲು. ಮೀಟರ್ ಹಿಡಿದರೆ 10.5 ವೋಲ್ಟ್ ಆಸುಪಾಸು ತೋರಿಸಿ ನಿಂತಿದೆ ಅಂದರೆ ಬಹುಪಾಲು ಒಂದು ಸೆಲ್ ಶಾರ್ಟ್ ಆಗಿದೆ ಅಂತ ಲೆಕ್ಕ, ಯಾಕಂದರೆ 12 ವೋಲ್ಟ್ ಅನ್ನುವ ಬ್ಯಾಟರಿಯಲ್ಲಿ ಇರುವುದು 6 ಸೆಲ್, ಒಂದೊಂದರಲ್ಲೂ ಸುಮಾರು 2.1 ವೋಲ್ಟ್. ಇದಕ್ಕೆ ‘ನಿಲ್ಲುತ್ತಿಲ್ಲ’ ಅನ್ನೋದೇ ಸರಿ ಅಂತ ನನ್ನ ಅನಿಸಿಕೆ. ತೂತು ಕೊಡದಲ್ಲಿ ನೀರು ನಿಲ್ಲುವುದಿಲ್ಲ, ಹಾಗೆ. ತಂತಿ ಬಿಚ್ಚಿದಾಗ ನಿಲ್ಲುತ್ತೆ, ಹಾಕಿದಾಗ ನಿಲ್ಲಲ್ಲ ಅಂದರೆ ತಪ್ಪು ಬ್ಯಾಟರಿಯದ್ದೇ ಅಲ್ಲ, ಗಾಡಿಯಲ್ಲಿ ಯಾವುದೋ ಸದ್ದಿಲ್ಲದೆ ಕರೆಂಟ್ ಎಳೆಯುತ್ತಿದೆ. ಜೋಡಿಯಲ್ಲಿ ಇನ್ನೊಂದು ಕಿರಿಕಿರಿ ಇದೆ. ಒಂದರ ಸೆಲ್ ಹಾಳಾಗಿದ್ದರೆ ಅದು ಇನ್ನೊಂದನ್ನೂ ಕೆಳಗೆ ಎಳೆಯುತ್ತದೆ, ನೋಡುವವರಿಗೆ ಎರಡೂ ಕೆಟ್ಟಂತೆ ಕಾಣುತ್ತದೆ. ಎರಡನ್ನೂ ಬೇರೆ ಮಾಡಿ, ಕೆಲವು ಗಂಟೆ ಹಾಗೇ ಬಿಟ್ಟು, ಆಮೇಲೆ ಒಂದೊಂದನ್ನೇ ಅಳೆಯಬೇಕು.

ಮೂರು: ಚಾರ್ಜ್ ಹೋಗುತ್ತದೆ, ನಿಲ್ಲುತ್ತದೆ, ಮೀಟರ್ ಜಂಬದಿಂದ 12.7 ತೋರಿಸುತ್ತದೆ. ಫ್ರಿಜ್ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಸುಸ್ತು. ಇಲ್ಲಿ ಕುಗ್ಗಿರುವುದು ಬ್ಯಾಟರಿಯ ಅಳತೆ, ಅಂದರೆ ಒಳಗೆ ಎಷ್ಟು ಚಾರ್ಜ್ ಇಟ್ಟುಕೊಳ್ಳಬಲ್ಲದು ಅನ್ನೋದು. ಪ್ಲೇಟಿನ ಮೇಲಿನ ಸರಕು ಉದುರಿ ಉದುರಿ ತಳ ಸೇರಿದೆ, ಕಲ್ಲುಮುಳ್ಳಿನ ದಾರಿಯ ಅದುರಾಟಕ್ಕೆ ಇದು ಇನ್ನೂ ಬೇಗ ಆಗುತ್ತದೆ. 100 ಆಂಪಿಯರ್ ಅವರ್ ಅಂತ ಚೀಟಿ ಅಂಟಿಸಿರುವ ಬ್ಯಾಟರಿ ಹೊಸದರಲ್ಲಿ 5 ಆಂಪಿಯರ್‌ನಂತೆ 20 ಗಂಟೆ ಕೊಡಬೇಕು. ಈಗ ಅದರ ಅರ್ಧವೂ ಕೊಡುತ್ತಿಲ್ಲ. ಲೋಡ್ ಹಾಕಿ ನೋಡದೆ ಇದು ಗೊತ್ತಾಗಲ್ಲ. ಕೊಡ ಹತ್ತು ಲೀಟರ್ ಹಿಡಿಯುತ್ತೆ ಅನ್ನುವ ‘ಹಿಡಿ’ ಇಲ್ಲಿಗೆ ಸರಿಹೋಗುತ್ತದೆ, ತೊಂದರೆ ಏನೆಂದರೆ ಒಂದನೇ ‘ಹಿಡಿ’ಗೂ ಇದಕ್ಕೂ ಕೇಳಲು ವ್ಯತ್ಯಾಸವೇ ಇಲ್ಲ. ‘ಹೆಚ್ಚು ಹೊತ್ತು ಬರ್ತಿಲ್ಲ’ ಅಂತ ಬರೆಯೋಣ ಅಂದುಕೊಂಡೆ, ಒಂದು ಸೋಪು ತಿಂಗಳು ಬರುತ್ತೆ ಅಂತೀವಲ್ಲ ಹಾಗೆ. ಆದರೆ ‘ಹೊತ್ತು’ ಬಿಟ್ಟುಹೋಗಿ ಬರೀ ‘ಚಾರ್ಜ್ ಬರ್ತಿಲ್ಲ’ ಅಂತಾದರೆ ಆಲ್ಟರ್ನೇಟರ್‌ನಿಂದ ಚಾರ್ಜ್ ಬರುತ್ತಿಲ್ಲ ಅನ್ನುವ ಅರ್ಥ ಹೊಳೆಯುತ್ತದೆ. ಅದು ನಾಲ್ಕನೇ ರೋಗ.

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಈ ಮೂರಕ್ಕೂ ಬೇರೆ ಬೇರೆ ಮಾತು ಇದೆಯೇ? ಇಲ್ಲವಾದರೆ ‘ಹಿಡಿಯುತ್ತಿಲ್ಲ, ನಿಲ್ಲುತ್ತಿಲ್ಲ, ಹೊತ್ತು ಬರುತ್ತಿಲ್ಲ’ ಅಂತ ಮೂರನ್ನೂ ಬಿಡಿಸಿ ಬರೆದರೆ ಓದುವವರಿಗೆ ವ್ಯತ್ಯಾಸ ಹೊಳೆಯುತ್ತದಾ?

ಎರಡನೇ ತೊಡಕು ಚಾರ್ಜಿಂಗ್ ಹಂತಗಳದ್ದು. ಬಲ್ಕ್, ಅಬ್ಸಾರ್ಪ್ಷನ್, ಫ್ಲೋಟ್ ಅಂತ ಚಾರ್ಜರ್ ಮೇಲೆ ಇರುತ್ತದೆ. ಮೊದಲ ಹಂತದಲ್ಲಿ ಚಾರ್ಜರ್ ತನ್ನಿಂದಾದಷ್ಟು ಕರೆಂಟ್ ತಳ್ಳುತ್ತದೆ, ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ತುಂಬುವುದು ಇಲ್ಲೇ. ಎರಡನೇ ಹಂತದಲ್ಲಿ ವೋಲ್ಟೇಜನ್ನು 14.4ರಿಂದ 14.8ರ ನಡುವೆ ಒಂದು ಕಡೆ ಹಿಡಿದು ನಿಲ್ಲಿಸುತ್ತದೆ, ಎಷ್ಟು ಅನ್ನೋದು ಬ್ಯಾಟರಿ ಮಾಡಿದವರ ಚೀಟಿ ನೋಡಿಯೇ ಇಡಬೇಕು, ಕರೆಂಟ್ ಮಾತ್ರ ತಾನಾಗಿಯೇ ಕಡಿಮೆಯಾಗುತ್ತಾ ಬರುತ್ತದೆ. ಕೊನೆಯ ಐದನೇ ಒಂದು ಪಾಲಿಗೆ ಗಂಟೆಗಟ್ಟಲೆ ಹಿಡಿಯುವುದು ಇದಕ್ಕೇ. ಮೂರನೆಯದರಲ್ಲಿ 13.5 ವೋಲ್ಟ್ ಸುತ್ತಮುತ್ತ ಇಟ್ಟು, ಇಳಿಯದಂತೆ ಕಾಯುತ್ತದೆ.

ಪುಸ್ತಕದ ಭಾಷೆಯಲ್ಲಿ ಎರಡನೆಯದು ‘ಹೀರುವಿಕೆ’, ಮೂರನೆಯದು ‘ತೇಲುವಿಕೆ’ ಆಗಿಬಿಡುತ್ತದೆ. ತೇಲುವುದಂತೂ ಅರ್ಥವೇ ಆಗಲ್ಲ, ಬ್ಯಾಟರಿ ಎಲ್ಲಿ ತೇಲಬೇಕು? ಅದಕ್ಕೆ ‘ಕಾಯುವ ಹಂತ’ ಅಂದರೆ ಸಾಕು ಅನಿಸಿದೆ, ‘ಕಾಯು’ ಅಂದರೆ ಬಿಸಿಯಾಗುವುದು ಅಂತ ಯಾರಾದರೂ ತಿಳಿದುಕೊಳ್ಳುವ ಭಯ ಇದ್ದರೆ ‘ಕಾಪಾಡುವ ಹಂತ’. ಎರಡನೆಯದಕ್ಕೆ ನಾನು ‘ಇಂಗಿಸುವ ಹಂತ’ ಅಂತ ಇಟ್ಟಿದ್ದೇನೆ. ಇಂಗುವುದು ಅಂದರೆ ಅವಸರ ಇಲ್ಲ, ಸುರಿದರೆ ಮೇಲೆ ನಿಲ್ಲುತ್ತದೆ, ಬೇಕಾದಷ್ಟು ಹೊತ್ತು ಬಿಡಬೇಕು ಅನ್ನೋದೆಲ್ಲ ಆ ಪದದಲ್ಲೇ ಇದೆ. ಚಾರ್ಜ್ ‘ಆಯ್ತು’ ಅಂತ ನಾವು ಹೇಳುವುದು ಬಹಳ ಸಲ ಮೊದಲನೇ ಹಂತ, ಅಂದರೆ ತುಂಬಿಸುವ ಹಂತ ಮುಗಿದಾಗ, ಇಂಗಿಸುವುದು ಬಾಕಿ ಇರುವಾಗಲೇ. ಹೀಗೆ ಪ್ರತಿ ಸಲ ಅರೆಬರೆ ಬಿಟ್ಟರೆ ಉಳಿದ ಸಲ್ಫೇಟ್ ಗಟ್ಟಿಯಾಗಿ ಮೇಲೆ ಹೇಳಿದ ಮೊದಲನೇ ರೋಗ ಬರುತ್ತದೆ. ಗಾಡಿ ಒಂದು ಗಂಟೆ ಓಡಿಸಿದೆ, ಹಿಂದಿನ ಬ್ಯಾಟರಿ ಫುಲ್ ಆಗಿರುತ್ತೆ ಅನ್ನುವವರಿಗೆ ಈ ಪದದಿಂದಲಾದರೂ ವಿಷಯ ಇಂಗಲಿ. ಅದರ ಮೇಲೆ ಈಗಿನ ಕೆಲವು ಗಾಡಿಗಳ ಆಲ್ಟರ್ನೇಟರ್ ಇಂಧನ ಉಳಿಸಲು ವೋಲ್ಟೇಜನ್ನೇ ತಗ್ಗಿಸುತ್ತದೆ. ಆಗ ಬರೀ ರಿಲೇ ಹಾಕಿದ್ದರೆ ಹಿಂದಿನ ಜೋಡಿಗೆ ಇಂಗುವಷ್ಟು ವೋಲ್ಟೇಜೇ ಸಿಗಲ್ಲ, ನಡುವೆ ವೋಲ್ಟೇಜನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ.

ಮೂರನೆಯದು ‘ಜೋಡಿ’ ಪದವೇ. ಎಂಜಿನ್ ಎಬ್ಬಿಸುವ ಬ್ಯಾಟರಿ ಒಂದು, ಹಿಂದೆ ಫ್ರಿಜ್, ದೀಪಕ್ಕೆ ಇನ್ನೊಂದು ಇದ್ದರೂ ಜನ ‘ಡ್ಯುಯಲ್ ಬ್ಯಾಟರಿ’ ಅಂತಾರೆ. ಹಿಂದೆಯೇ ಒಂದೇ ತರಹದ ಎರಡನ್ನು ಸೇರಿಸಿದರೂ ಅದೇ ಹೆಸರು. ಮೊದಲನೆಯದರಲ್ಲಿ ಎರಡರ ಸ್ವಭಾವವೇ ಬೇರೆ. ಎಂಜಿನ್ನಿನದಕ್ಕೆ ತೆಳು ಪ್ಲೇಟುಗಳು, ಕ್ಷಣಕಾಲ ಭಾರಿ ಕರೆಂಟ್ ಕೊಟ್ಟು ಸುಮ್ಮನಾಗುತ್ತದೆ. ಡೀಪ್ ಸೈಕಲ್‌ನದು ದಪ್ಪ ಪ್ಲೇಟು, ನಿಧಾನವಾಗಿ ಬಹಳ ಹೊತ್ತು ಕೊಡುತ್ತದೆ. ಕೈಪಿಡಿಯಲ್ಲಿ ‘ಜೋಡಿ’ಯನ್ನು ಹಿಂದಿನ ಎರಡಕ್ಕೆ ಮಾತ್ರ ಬಳಸುತ್ತಿದ್ದೇನೆ. ಒಂದೇ ಬಗೆ, ಒಂದೇ ಅಳತೆ, ಒಂದೇ ವಯಸ್ಸು ಇದ್ದರೆ ಮಾತ್ರ ಜೋಡಿ. ಅವನ್ನು ಸಮಾಂತರವಾಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಸೇರಿಸಿದಾಗ ವೋಲ್ಟೇಜ್ 12 ಆಗಿಯೇ ಉಳಿದು ಅಳತೆ ಎರಡರಷ್ಟಾಗುತ್ತದೆ. ಲೋಡಿನ ಪ್ಲಸ್ ತಂತಿಯನ್ನು ಒಂದರಿಂದಲೂ ಮೈನಸ್ ತಂತಿಯನ್ನು ಇನ್ನೊಂದರಿಂದಲೂ ತೆಗೆಯಬೇಕು, ಎರಡನ್ನೂ ಒಂದರಿಂದಲೇ ತೆಗೆದರೆ ಅದೊಂದೇ ಜಾಸ್ತಿ ದುಡಿದು ಬೇಗ ಸವೆಯುತ್ತದೆ. ಈ ಅಡ್ಡಡ್ಡ ಜೋಡಣೆಗೆ ‘ಓರೆ ಜೋಡಣೆ’ ಅಂದರೆ ಹೇಗೆ? ‘ಓರೆ’ ಅಂದ ತಕ್ಷಣ ತಂತಿಯನ್ನೇ ಸೊಟ್ಟಗೆ ಎಳೆಯುತ್ತಾರೋ ಏನೋ.

ಇನ್ನೊಂದು ಪದ ನಿಜಕ್ಕೂ ಅಪಾಯದ್ದು: ‘ಆಸಿಡ್ ಕಡಿಮೆಯಾಗಿದೆ’. ಮುಚ್ಚಳ ಬಿಚ್ಚುವ ಬ್ಯಾಟರಿಗಳಲ್ಲಿ ಚಾರ್ಜ್ ಆಗುವಾಗ ಜಲಜನಕ, ಆಮ್ಲಜನಕವಾಗಿ ಹಾರಿಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಉಳಿದಿರುತ್ತದೆ. ಆದರೆ ಒಳಗಿರುವ ದ್ರವಕ್ಕೆಲ್ಲ ನಾವು ಆಸಿಡ್ ಅಂದುಬಿಡುವುದರಿಂದ, ಕಡಿಮೆಯಾದಾಗ ಆಸಿಡ್ಡೇ ಸುರಿಯುವವರಿದ್ದಾರೆ. ಸಾಂದ್ರತೆ ಏರಿ ಪ್ಲೇಟು ಹಾಳಾಗುತ್ತದೆ. ‘ಮಟ್ಟ ಇಳಿದಿದೆ, ನೀರು ಹಾಕಿ’ ಅಂತಲೇ ಬರೆಯುತ್ತೇನೆ. ಆ ನೀರಿಗೆ ‘ಬಟ್ಟಿ ಇಳಿಸಿದ ನೀರು’ ಅಂದರೆ ಕೆಲವರಿಗೆ ಬೇರೆಯೇ ನೆನಪಾಗುತ್ತದೆ, ‘ಡಿಸ್ಟಿಲ್ಡ್ ವಾಟರ್’ ಎಲ್ಲರಿಗೂ ಗೊತ್ತು, ಅದೇ ಇರಲಿ. ಹಾಕಬೇಕಾದ್ದು ಚಾರ್ಜ್ ಮುಗಿದ ಮೇಲೆ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ ಮೊದಲೇ ಅದು ಮುಳುಗುವಷ್ಟು ಹಾಕಿ, ಉಳಿದದ್ದು ಆಮೇಲೆ. ಹೊರಬರುವ ಅನಿಲ ಕಿಡಿ ತಾಗಿದರೆ ಸಿಡಿಯುತ್ತದೆ, ಆದ್ದರಿಂದ ಪೆಟ್ಟಿಗೆಗೆ ಗಾಳಿ ಆಡುವ ಕಿಂಡಿ ಇರಲೇಬೇಕು.

ಟರ್ಮಿನಲ್ ಮೇಲೆ ಕಟ್ಟುವುದಕ್ಕೆ ‘ತುಕ್ಕು’ ಅನ್ನೋದು ಸರಿಯಲ್ಲ, ತುಕ್ಕು ಕಬ್ಬಿಣದ್ದು. ಸೀಸದ ಗೂಟದ ಮೇಲೆ ಕೂರುವುದು ಬಿಳಿ ಪುಡಿ, ಅದಕ್ಕೆ ಬಿಗಿದ ತಾಮ್ರದ ತುದಿಯಲ್ಲಿ ನೀಲಿ ಹಸಿರು. ತಾಮ್ರದ್ದಕ್ಕೆ ‘ಕಿಲುಬು’ ಅನ್ನುವ ಹಳೇ ಪದ ಸೊಗಸಾಗಿ ಕೂರುತ್ತದೆ. ಬಿಳಿದಕ್ಕೆ ಏನನ್ನಬೇಕು? ‘ಉಪ್ಪು ಕಟ್ಟಿದೆ’ ಅಂದರೆ ಸಾಕಾ? ರಸಾಯನ ಶಾಸ್ತ್ರದ ಲೆಕ್ಕದಲ್ಲೂ ಅದು ಉಪ್ಪೇ ಅಲ್ವಾ. ತೊಳೆಯುವಾಗ ಮೈನಸ್ ತಂತಿ ಮೊದಲು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರು ಹಾಕಿದರೆ ಬುಸ್ ಅಂತ ನೊರೆ ಬರುತ್ತದೆ, ನೊರೆ ನಿಲ್ಲುವವರೆಗೆ ಉಜ್ಜಬೇಕು. ಸೋಡಾ ನೀರು ಸೆಲ್ಲಿನ ಒಳಗೆ ಹೋಗಬಾರದು, ಮುಚ್ಚಳಗಳು ಬಿಗಿಯಾಗಿರಲಿ.

ಕೊನೆಗೆ ಒಂದು ಪದ ನನ್ನ ಕೈಗೆ ಸಿಕ್ಕೇ ಇಲ್ಲ. ಮುಚ್ಚಳ ಬಿಚ್ಚುವ ಬ್ಯಾಟರಿಗಳಿಗೆ ಅಪರೂಪಕ್ಕೊಮ್ಮೆ ಬೇಕೆಂದೇ 15 ವೋಲ್ಟ್ ದಾಟಿಸಿ ಕುದಿಯುವಂತೆ ಚಾರ್ಜ್ ಮಾಡಿ, ಹಿಂದೆ ಬಿದ್ದ ಸೆಲ್ಲುಗಳನ್ನು ಉಳಿದವುಗಳ ಮಟ್ಟಕ್ಕೆ ತರುತ್ತಾರೆ. ಎಜಿಎಂ, ಜೆಲ್‌ನಂಥ ಮುಚ್ಚಳ ಬಿಚ್ಚಲಾಗದ ಬ್ಯಾಟರಿಗಳಿಗೆ, ಮಾಡಿದವರೇ ಹೇಳಿದ್ದ ಹೊರತು, ಇದನ್ನು ಮಾಡಬಾರದು. ‘ಸಮೀಕರಣ’ ಅಂದರೆ ಗಣಿತದ ಪಾಠ ಆಗುತ್ತದೆ. ‘ಸರಿದೂಗಿಸುವುದು’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ, ಆದರೆ ಅದರಲ್ಲಿ ಕುದಿತದ ಎಚ್ಚರಿಕೆ ಇಲ್ಲ. ‘ಕುದಿ ಚಾರ್ಜ್’ ಅಂದರೆ ತೀರಾ ಹೆದರಿಸಿದ ಹಾಗಾಗುತ್ತದಾ? ಬ್ಯಾಟರಿ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಏನಾದರೂ ಮಾತು ಕೇಳಿದ್ದರೆ ಹಾಗೇ ಬರೆದು ಕಳಿಸಿ, ತಿದ್ದಬೇಡಿ.