‘ಹ್ಯಾರೋಯಿಂಗ್’ ಪದ ಎಲ್ಲಿ ಹಾಕಬೇಕು? ಬಳಸಿದವರು ಹೇಳಿ

ಪ್ರಶ್ನೆ (ದಾವಣಗೆರೆಯಿಂದ): 2021ರ ಮೇ ತಿಂಗಳಲ್ಲಿ ಅಪ್ಪ 11 ದಿನ ಆಕ್ಸಿಜನ್ ಮೇಲಿದ್ದರು. ನರ್ಸಿಂಗ್ ಕೋರ್ಸಿನ ಅರ್ಜಿಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ‘ವೆರಿ ಸ್ಯಾಡ್’ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಗೆಳತಿ ‘ಹ್ಯಾರೋಯಿಂಗ್’ ಹಾಕು ಎಂದಳು. ಹಾಕಬಹುದಾ?

ಚಳ್ಳಕೆರೆಯಿಂದ: ಧೈರ್ಯವಾಗಿ ಹಾಕಮ್ಮ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಆದರೆ ಈ ಪದ ನನಗೆ ಅರ್ಥವಾಗಿದ್ದು ನಮ್ಮ ಶೇಂಗಾ ಹೊಲದಲ್ಲಿ. ಹ್ಯಾರೋ ಅಂದರೆ ಹಲ್ಲಿರುವ ಕುಂಟೆ. ರಂಟೆ ಹೊಡೆದ ಮೇಲೆ ಹೆಂಟೆ ಒಡೆಯಲು, ಕಸದ ಬೇರು ಕೀಳಲು ಎಳೆಯುತ್ತಾರಲ್ಲ, ಅದೇ. ಆ ಹಲ್ಲುಗಳು ಮನಸ್ಸಿನ ಮೇಲೆ ಹರಿದಾಡಿದರೆ ಹೇಗಿರುತ್ತದೆ? ಅದು ಹ್ಯಾರೋಯಿಂಗ್. 1600ರ ಸುಮಾರಿನ ಹ್ಯಾಮ್ಲೆಟ್ ನಾಟಕದಲ್ಲೂ ಸತ್ತ ರಾಜನ ಭೂತ, ತನ್ನ ಕಥೆ ಕೇಳಿದರೆ ಮಗನ ಜೀವಕ್ಕೇ ಕುಂಟೆ ಹೊಡೆದಂತಾದೀತು ಎನ್ನುತ್ತದೆ.

ಕುಂಟೆ ಒಂದೇ ಸಾಲಿಗೆ ನಿಲ್ಲುವುದಿಲ್ಲ, ಹೊಲ ಮುಗಿಯುವ ತನಕ ಹೋಗುತ್ತದೆ. ಹಾಗಾಗಿ ಒಂದು ಕ್ಷಣ ಬೆಚ್ಚಿಬಿದ್ದಿದ್ದಕ್ಕಿಂತ, ಜೀವ ಹಿಂಡುತ್ತಾ ಸಾಗಿದ ದಿನಗಳಿಗೆ ಈ ಪದ ಜಾಸ್ತಿ ಒಪ್ಪುತ್ತದೆ. ನಿನ್ನ 11 ದಿನ ಅಂಥವೇ ಅಲ್ವಾ? ಬಸ್ಸು ತಪ್ಪಿದ್ದಕ್ಕೆಲ್ಲ ಇದನ್ನು ಬಳಸುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಇನ್ನೊಂದು. ಇದನ್ನು ಘಟನೆಗೆ, ಪ್ರಯಾಣಕ್ಕೆ, ಕಥೆಗೆ ಹೇಳುತ್ತಾರೆ. ‘ಐ ವಾಸ್ ಹ್ಯಾರೋಯಿಂಗ್’ ಅಂತ ಬರೆಯಬೇಡ, ಸಂಕಟ ಕೊಟ್ಟವಳು ನೀನೇ ಅಂತಾಗುತ್ತದೆ. ಮುಂದೆ ‘ವೆರಿ’ ಕೂಡ ಬೇಡ. ಪದಕ್ಕೇ ಸಾಕಷ್ಟು ತೂಕ ಇದೆ.

ಚಿತ್ರದುರ್ಗದಿಂದ: ‘ಹರಾಸಿಂಗ್’ ಜೊತೆ ಕಲಸಬೇಡಿ. ಹೈವೇಯಲ್ಲಿ ನಮ್ಮ ಕಾರು ಪಲ್ಟಿಯಾಗಿ, ಇಡೀ ರಾತ್ರಿ ಕಾದಿದ್ದನ್ನು ನಾನು ಆಫೀಸಿಗೆ ‘ಹರಾಸಿಂಗ್ ನೈಟ್’ ಅಂತ ಬರೆದಿದ್ದೆ. ಯಾರು ಕಿರುಕುಳ ಕೊಟ್ಟರು ಎಂದು ಫೋನ್ ಬಂತು. ಹೇಳುವಾಗ ‘ನ್ಯಾರೋ’ ನೆನಪಿಡಿ, ಅದೇ ಧಾಟಿಯಲ್ಲಿ ‘ಹ್ಯಾರೋ’.

ಹರಿಹರದಿಂದ: ಅಮ್ಮ ಹೋದ ಮೇಲೆ ಎರಡು ವರ್ಷ ಆಂಬುಲೆನ್ಸ್ ಸದ್ದು ಕೇಳಿದರೆ ನನ್ನ ಕೈ ನಡುಗುತ್ತಿತ್ತು. ಹೀಗೆ ಆಮೇಲೂ ಮನಸ್ಸಿನಲ್ಲಿ ಉಳಿದರೆ ‘ಟ್ರಾಮಾಟಿಕ್’. ಗ್ರೀಕ್ ಭಾಷೆಯಲ್ಲಿ ಟ್ರಾಮಾ ಅಂದರೆ ಗಾಯ. ತಂಗಿ, ಯಾವ ಪದವಾದರೂ ಒಂದೇ ಸಲ ಹಾಕು. ಆಮೇಲೆ ಕಂಡದ್ದನ್ನು ಬರಿ.

ಪ್ರಶ್ನೆ ಕೇಳಿದವಳು: ‘ದೋಸ್ ಇಲೆವೆನ್ ಡೇಸ್ ವರ್ ಹ್ಯಾರೋಯಿಂಗ್’ ಅಂತ ಬರೆದೆ. ಮುಂದಿನ ಸಾಲಿನಲ್ಲಿ, ರಾತ್ರಿ ಎರಡಕ್ಕೆ ಫೋನ್ ಮಾಡಿ ‘ಉಸಿರಾಟ ಸರಿಯಾಗಿದೆ, ಮಲಗಮ್ಮ’ ಎಂದ ನರ್ಸ್ ಬರುತ್ತಾರೆ. ಅಪ್ಪನಿಗೆ ಓದಿ ಹೇಳಿದೆ. ಕುಂಟೆಯ ವಿಷಯ ಕೇಳಿ, ಸರಿಯಾಗಿದೆ ಬಿಡು ಎಂದರು.